ಮುದಿ ನಾಯಿಯ ಆಸ್ಪತ್ರೆ ಖರ್ಚಿಗೆ ದುಡ್ಡು ಕೇಳೋದು ಹೇಗೆ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ವಯಸ್ಸಾದ ನಾಯಿಗಳದ್ದೇ ಜಾಸ್ತಿ. ಕಾಯಿಲೆ ಬಗ್ಗೆ ಕೇಳಿರೋರು ಕಡಿಮೆ, ದುಡ್ಡಿನ ಬಗ್ಗೆ ಕೇಳಿರೋರು ಹೆಚ್ಚು, ಅದೂ ತುಂಬಾ ಸಂಕೋಚದಿಂದ. ಹೆಸರು ಹಾಕಬೇಡಿ ಅಂತ ಎಲ್ಲರೂ ಬರೆದಿದ್ದಾರೆ, ಹಾಕಿಲ್ಲ.

ಪ್ರಶ್ನೆ: ಅಕ್ಕ ನಮಸ್ತೆ. ನಮ್ಮದು ಭದ್ರಾವತಿ. ನಾನು ಮನೇಲೇ ಟೈಲರಿಂಗ್ ಮಾಡ್ತೀನಿ, ಯಜಮಾನ್ರು ಬಾಡಿಗೆ ಗಾಡಿ ಓಡಿಸ್ತಾರೆ. ನಮ್ಮ ನಾಯಿ ಚಿಂಟು, ಬೀದಿ ನಾಯೀನೇ, ಮಗಳು ಒಂದನೇ ಕ್ಲಾಸಲ್ಲಿದ್ದಾಗ ಚರಂಡಿ ಪಕ್ಕದಿಂದ ಎತ್ಕೊಂಡು ಬಂದಿದ್ದು, ಈಗ ಅವಳು ಪಿಯುಸಿ ಮುಗಿಸಿದ್ದಾಳೆ, ಅಂದ್ರೆ ಅವನಿಗೂ 12 ವರ್ಷ ಆಯ್ತು. ಒಂದು ತಿಂಗಳಿಂದ ನೀರು ಮಾತ್ರ ಕುಡಿದಿದ್ದೇ ಕುಡಿದಿದ್ದು, ಅನ್ನ ಮೂಸಿ ನೋಡಿ ಹೋಗ್ತಾನೆ, ಬೆಳಿಗ್ಗೆ ಎದ್ರೆ ವಾಂತಿ. ಡಾಕ್ಟ್ರು ರಕ್ತ ಪರೀಕ್ಷೆ ಮಾಡಿಸಿ ಕಿಡ್ನಿ ತೊಂದರೆ, ಕಿಡ್ನಿ ಹೊರಗೆ ಹಾಕ್ಬೇಕಾದ ರಕ್ತದ ಕಸ, ಕ್ರಿಯಾಟಿನಿನ್ ಅಂತೆ, 3.8 ಇದೆ ಅಂದ್ರು. ಡ್ರಿಪ್ಪು, ಇಂಜೆಕ್ಷನ್ನು ಎಲ್ಲಾ ಸೇರಿ ಈಗಾಗ್ಲೇ 14 ಸಾವಿರ ಆಗಿದೆ, ಇನ್ನೂ ವಾರಕ್ಕೆ ಮೂರು ಸಲ ಡ್ರಿಪ್ ಬೇಕು ಅಂತಾರೆ. ಕೈಯಲ್ಲಿ ಏನೂ ಉಳಿದಿಲ್ಲ. ಮಗಳು ವಾಟ್ಸಪ್ಪಲ್ಲಿ ಹಾಕಿ ಸಹಾಯ ಕೇಳೋಣ ಅಂತಾಳೆ. ನಮ್ಮತ್ತೆ ನಾಯಿಗೋಸ್ಕರ ಭಿಕ್ಷೆ ಎತ್ತಿದ್ರೆ ಊರವರು ಏನಂದ್ಕೋತಾರೆ ಅಂತ ಬೈತಿದ್ದಾರೆ. ಭಾವ ಬಂದಾಗೆಲ್ಲ ಯಾವುದಾದ್ರೂ ಹೋಟೆಲ್ ಹತ್ರ ಬಿಟ್ಟು ಬನ್ನಿ ಅಂತಾರೆ. ಏನ್ ಮಾಡ್ಲಿ ಅಕ್ಕ?

ಉತ್ತರ: ನಿಮ್ಮ ಭಾವ ಹೇಳಿದ್ದಕ್ಕೆ ಮೊದಲು ಉತ್ತರ ಕೊಟ್ಬಿಡ್ತೀನಿ. ಸಾಕಿದ ಪ್ರಾಣೀನ ಹಸಿವು ಬಾಯಾರಿಕೆಯಲ್ಲಿ ನರಳೋ ಹಾಗೆ ಬಿಟ್ಟು ಬರೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಅಪರಾಧ. ಕಾನೂನು ಪಕ್ಕಕ್ಕಿಟ್ರೂ, ಕಿಡ್ನಿ ಸೋತಿರೋ 12 ವರ್ಷದ ನಾಯಿ ಗೊತ್ತಿಲ್ಲದ ಬೀದೀಲಿ, ಅಲ್ಲಿನ ನಾಯಿಗಳ ಮಧ್ಯೆ ಒಂದು ರಾತ್ರಿ ಕಳೆಯೋದೂ ಕಷ್ಟ. ಆ ಮಾತನ್ನ ಮನೇಲಿ ಇನ್ನೊಂದ್ಸಲ ಎತ್ತೋಕೆ ಬಿಡಬೇಡಿ.

ಅತ್ತೆಯವರ ಮಾತು ಬೇರೆ, ಅವರಿಗೆ ಮರ್ಯಾದೆ ಚಿಂತೆ, ಅದು ನನಗೆ ಅರ್ಥ ಆಗತ್ತೆ. ಅವರಿಗೆ ಹೀಗೆ ಹೇಳಿ ನೋಡಿ: ನಮ್ಮ ಕಡೆ ಮದುವೆ ಮನೇಲಿ ಮುಯ್ಯಿ ಬರೀತಾರಲ್ಲ, ಯಾರು ಎಷ್ಟು ಕೊಟ್ರು ಅಂತ ಒಬ್ರು ಪುಸ್ತಕ ಹಿಡ್ಕೊಂಡು ಬಾಗಿಲ ಹತ್ರ ಕೂತಿರ್ತಾರೆ, ಅದನ್ನ ಯಾರೂ ಭಿಕ್ಷೆ ಅನ್ನಲ್ಲ, ಯಾಕಂದ್ರೆ ಲೆಕ್ಕ ಇರತ್ತೆ, ನಾಳೆ ಅವರ ಮನೆ ಕಾರ್ಯಕ್ಕೆ ನಾವು ತಿರುಗಿ ಕೊಡ್ತೀವಿ. ಇದೂ ಹಾಗೇ ಆಗ್ಲಿ. ಒಂದು ಪುಸ್ತಕ ಇಟ್ಟು ಕೊಟ್ಟೋರ ಹೆಸರು, ಮೊತ್ತ, ಖರ್ಚಾಗಿದ್ದು ಎಲ್ಲಾ ಬರೀರಿ. ನನ್ನ ಪ್ರಕಾರ ಆ ಪುಸ್ತಕ ಬರೆಯೋ ಕೆಲಸಾನ ಅತ್ತೆಯವರಿಗೇ ವಹಿಸಿ. ಹಣದ ಲೆಕ್ಕ ಹಿರಿಯರ ಕೈಲಿದ್ರೆ ಊರವರ ಬಾಯಿ ಅರ್ಧ ಮುಚ್ಚತ್ತೆ.

ಆದ್ರೆ ದುಡ್ಡು ಕೇಳೋಕೆ ಮುಂಚೆ ಒಂದು ಮುಖ್ಯ ಕೆಲಸ ಇದೆ. ಎಷ್ಟು ಬೇಕು, ಯಾವುದಕ್ಕೆ ಬೇಕು, ಎಷ್ಟು ದಿನಕ್ಕೆ ಬೇಕು ಅನ್ನೋದು ನಿಮಗೇ ಸ್ಪಷ್ಟ ಇಲ್ಲ ಅಂತ ಪತ್ರ ಓದಿದ್ರೆ ಗೊತ್ತಾಗತ್ತೆ, ಅದು ನಿಮ್ಮ ತಪ್ಪಲ್ಲ, ಮನೇಲಿ ನಾಯಿ ವಾಂತಿ ಮಾಡ್ಕೊಂಡು ಬಿದ್ದಿರುವಾಗ ಯಾರೂ ಕೂತು ಡಾಕ್ಟ್ರ ಹತ್ರ ಪ್ರಶ್ನೆ ಕೇಳಲ್ಲ. ಈಗ ಕೇಳಿ. ಮೊದಲ್ನೇ ಪ್ರಶ್ನೆ: ಇದು ಹಳೇ ಕಿಡ್ನಿ ಕಾಯಿಲೆಯಾ, ಇಲ್ಲಾ ಹೊಸದಾಗಿ ಬಂದಿದ್ದಾ? ಎರಡಕ್ಕೂ ರಿಪೋರ್ಟಲ್ಲಿ ಕ್ರಿಯಾಟಿನಿನ್ ಏರಿರತ್ತೆ, ಆದ್ರೆ ದಾರಿ ಬೇರೆ ಬೇರೆ. ನಿಮ್ಮದು ಮಳೆ ಸೀಮೆ, ಇಲಿ ಉಚ್ಚೆ ಬೆರೆತ ನೀರಿಂದ ಇಲಿ ಜ್ವರ ಬಂದ್ರೆ ನಾಯಿಗಳ ಕಿಡ್ನಿ ದಿಢೀರಂತ ಕೈಕೊಡತ್ತೆ, ಬೇಗ ಗೊತ್ತಾದ್ರೆ ಆಂಟಿಬಯಾಟಿಕ್ಕು ಡ್ರಿಪ್ಪು ಕೊಟ್ಟು ಎಷ್ಟೋ ನಾಯಿಗಳನ್ನ ಉಳಿಸ್ಕೋತಾರೆ. ಉಣ್ಣೆ ಕಚ್ಚಿ ಬರೋ ಜ್ವರದಲ್ಲೂ ಕಿಡ್ನಿಗೆ ಪೆಟ್ಟು ಬೀಳೋದುಂಟು. ಇವೆರಡಕ್ಕೂ ಪರೀಕ್ಷೆ ಆಗಿದ್ಯಾ ಕೇಳಿ. ಇಲಿ ಜ್ವರ ಮನುಷ್ಯರಿಗೂ ಬರತ್ತೆ, ಅದಕ್ಕೆ ರಿಪೋರ್ಟ್ ಬರೋವರೆಗೂ ಅವನ ಉಚ್ಚೆ ಒರೆಸುವಾಗ ಕೈಗೆ ಗ್ಲೌಸ್ ಇರ್ಲಿ, ಮಗಳಿಗೂ ಹೇಳಿ.

ಹಳೇ ಕಾಯಿಲೆ ಅಂತಾದ್ರೆ ಅದು ವಾಸಿ ಆಗಲ್ಲ, ನಿಧಾನ ಮಾಡಬಹುದು ಅಷ್ಟೇ. ನಾಯಿಗಳ ಕಿಡ್ನಿ ಕಾಯಿಲೇನ ಡಾಕ್ಟ್ರುಗಳು ನಾಲ್ಕು ಹಂತ ಅಂತ ಅಳೀತಾರೆ, ಕ್ರಿಯಾಟಿನಿನ್ 2.9ರಿಂದ 5ರ ಒಳಗಿದ್ರೆ ಮೂರನೇ ಹಂತ, 5 ದಾಟಿದ್ರೆ ಕೊನೇ ಹಂತ. ಆದ್ರೆ ಆ ಲೆಕ್ಕ ಹಿಡಿಯೋದು ನಾಯಿ ಮೈಯಲ್ಲಿ ನೀರಿನಂಶ ಸರಿ ಇದ್ದಾಗ ತೆಗೆದ ರಕ್ತದಲ್ಲಿ, ವಾಂತಿ ಆಗಿ ಒಣಗಿರುವಾಗ ತೆಗೆದಿದ್ರೆ ಅಂಕಿ ಜಾಸ್ತಿ ತೋರಿಸತ್ತೆ. ಅದಕ್ಕೆ ಡ್ರಿಪ್ ಆದ್ಮೇಲೆ ಇನ್ನೊಂದ್ಸಲ ರಕ್ತ ನೋಡಿಸಿದ್ದಾರಾ ಕೇಳಿ. 3.8 ಇದ್ದಿದ್ದು 2.5ಕ್ಕೆ ಇಳಿದಿದ್ರೆ ನೀವು ಜನರ ಹತ್ರ ಧೈರ್ಯವಾಗಿ ಕೇಳಬಹುದು, 6ಕ್ಕೆ ಏರಿದ್ರೆ ಬೇರೆ ಮಾತು ಆಡ್ಬೇಕಾಗತ್ತೆ.

ಎರಡನೇದು, ಶಿವಮೊಗ್ಗ ನಿಮಗೆ ಹತ್ರಾನೇ ಇದೆ. ಅಲ್ಲಿ ವಿನೋಬನಗರದ ವೆಟರ್ನರಿ ಕಾಲೇಜಿನ ಆಸ್ಪತ್ರೆಗೆ ಒಂದ್ಸಲ ಕರ್ಕೊಂಡು ಹೋಗಿ. ಹೊರಗಿನವರಿಗೆ ಅದು ಹಸು ಎಮ್ಮೆ ಆಸ್ಪತ್ರೆ ಅಂತ ಅನ್ಸತ್ತೆ, ನಾಯಿ ಬೆಕ್ಕುಗಳನ್ನೂ ನೋಡ್ತಾರೆ, ಕಾಲೇಜು ಆಸ್ಪತ್ರೆ ಆಗಿರೋದ್ರಿಂದ ಫೀಸು ಪ್ರೈವೇಟಿಗಿಂತ ಬಹಳ ಕಡಿಮೆ. ಹೆಬ್ಬಾಳ, ಹಾಸನ, ಗದಗ, ಬೀದರ್ ಕಡೆಯವರಿಗೂ ಇದೇ ಮಾತು, ಅಲ್ಲೂ ವೆಟರ್ನರಿ ಕಾಲೇಜುಗಳಿವೆ. ಬೆಳಿಗ್ಗೆ ಬೇಗ ಹೋಗ್ಬೇಕು, ಕಾಯ್ಬೇಕು, ಸ್ಟೂಡೆಂಟ್‌ಗಳು ಗುಂಪಾಗಿ ನಿಂತು ನೋಡ್ತಾರೆ, ಅದಕ್ಕೆಲ್ಲ ತಯಾರಾಗಿ ಹೋಗಿ. ಇದುವರೆಗಿನ ರಿಪೋರ್ಟು, ಚೀಟಿ ಎಲ್ಲಾ ಒಂದು ಕವರಲ್ಲಿ ಹಾಕ್ಕೊಂಡು ಹೋದ್ರೆ ಮಾಡಿದ ಪರೀಕ್ಷೇನೇ ಮತ್ತೆ ಮಾಡಿಸೋದು ತಪ್ಪತ್ತೆ.

ಇನ್ನು ವಾರಕ್ಕೆ ಮೂರು ಡ್ರಿಪ್ ಅಂದ್ರಲ್ಲ, ನಿಮ್ಮ ಖರ್ಚಲ್ಲಿ ದೊಡ್ಡ ಪಾಲು ಅದೇ ಇರತ್ತೆ. ವಾಂತಿ ಹತೋಟಿಗೆ ಬಂದ ನಾಯಿಗಳಿಗೆ ರಕ್ತನಾಳದ ಬದಲು ಚರ್ಮದ ಕೆಳಗೆ ನೀರು ಕೊಡೋ ಪದ್ಧತಿ ಇದೆ, ಅದನ್ನ ಮನೆಯವರಿಗೇ ಕಲಿಸಿಕೊಡ್ತಾರೆ. ಎರಡು ಭುಜದ ಮಧ್ಯೆ ಚರ್ಮಾನ ಬೆರಳಲ್ಲಿ ಟೆಂಟ್ ತರ ಎತ್ತಿ ಹಿಡಿದು ಸೂಜಿ ಒಳಗೆ ಬಿಡೋದು, ಆರ್‌ಎಲ್ ಅನ್ನೋ ಡ್ರಿಪ್ ನೀರಿನ ಬಾಟ್ಲಿ ಗೋಡೆ ಮೊಳೆಗೆ ನೇತುಹಾಕಿ ಡಾಕ್ಟ್ರು ಹೇಳಿದ ಗೆರೆವರೆಗೂ ಇಳಿಸೋದು. ಬೆನ್ನ ಮೇಲೆ ಒಂದು ಉಬ್ಬು ಬರತ್ತೆ, ನಿಧಾನಕ್ಕೆ ಕಾಲಿನ ಕಡೆ ಜಾರತ್ತೆ, ಕೆಲವು ಗಂಟೇಲಿ ಕರಗತ್ತೆ, ಹೆದರೋ ಹಾಗಿಲ್ಲ. ಬಾಟ್ಲೀನ ಬಿಸಿನೀರಲ್ಲಿ ಸ್ವಲ್ಪ ಹೊತ್ತಿಟ್ಟು ಉಗುರು ಬೆಚ್ಚಗೆ ಮಾಡಿ ಕೊಟ್ರೆ ನಾಯಿ ಕೊಸರಾಡೋದು ಕಡಿಮೆ. ಪ್ರತಿ ಸಲ ಹೊಸ ಸೂಜಿ. ದಿನಾ ಸೂಜಿ ಹಿಡಿಯೋ ನಿಮ್ಮ ಕೈಗೆ ಇದು ಬೇಗ ಬರತ್ತೆ ಅನ್ನೋ ನಂಬಿಕೆ ನನಗಿದೆ. ಹೃದಯದ ತೊಂದರೆ ಇರೋ ನಾಯಿಗೆ ಇದು ಅಪಾಯ, ಹಾಗಾಗಿ ಡಾಕ್ಟ್ರು ಎದೆ ಪರೀಕ್ಷೆ ಮಾಡಿ ಸರಿ ಅಂದ್ರೆ ಮಾತ್ರ, ಎಷ್ಟು ಎಂಎಲ್ ಅಂತಾನೂ ಅವರೇ ಹೇಳ್ಬೇಕು. ಇದು ಸಾಧ್ಯ ಆದ್ರೆ ಪ್ರತಿ ಸಲದ ಆಸ್ಪತ್ರೆ ಚಾರ್ಜು, ಆಟೋ ಬಾಡಿಗೆ ಎರಡೂ ಹೋಗಿ ಬಾಟ್ಲಿ, ಸೆಟ್ಟು, ಸೂಜಿ ಖರ್ಚಷ್ಟೇ ಉಳಿಯತ್ತೆ.

ಔಷಧಿ ವಿಷ್ಯದಲ್ಲೂ ಹೀಗೇ. ಕಿಡ್ನಿ ನಾಯಿಗಳಿಗೆ ಬರೆಯೋ ಬಿಪಿ ಮಾತ್ರೆ, ಗ್ಯಾಸ್ ಮಾತ್ರೆ ಎಷ್ಟೋ ಮನುಷ್ಯರದ್ದೇ. ಕಂಪನಿ ಇಟ್ಟ ಮಾತ್ರೆ ಹೆಸರಿನ ಬದಲು ಒಳಗಿರೋ ಔಷಧಿ ಹೆಸರು ಬರೆದುಕೊಡಿ ಅಂತ ಡಾಕ್ಟ್ರನ್ನ ಕೇಳಿ, ಜನೌಷಧಿ ಅಂಗಡೀಲಿ ಸಿಕ್ಕಿದ್ರೆ ಬಿಲ್ ಎಷ್ಟು ಇಳಿಯತ್ತೆ ನೀವೇ ನೋಡ್ತೀರ. ಆದ್ರೆ ನೀವಾಗೇ ಏನೂ ಕೊಡಬೇಡಿ. ನೋವಿಗೆ ಅಂತ ಮನೇಲಿರೋ ಪ್ಯಾರಸಿಟಮಾಲ್, ಐಬುಪ್ರೊಫೆನ್ ಹಾಕಿ ನಾಯಿ ಕಳ್ಕೊಂಡವರ ಪತ್ರಗಳು ಪ್ರತಿ ವರ್ಷ ಬರ್ತಾನೇ ಇವೆ. ಸಕ್ಕರೆ ಇಲ್ಲದ ಸಿರಪ್ಪುಗಳಲ್ಲಿ ಕ್ಸೈಲಿಟಾಲ್ ಅಂತ ಒಂದು ಸಿಹಿ ಇರೋದುಂಟು, ಅದೂ ನಾಯಿಗೆ ವಿಷ. ಊಟಕ್ಕೆ ಮೂಳೆ, ಲಿವರ್, ಒಣಮೀನು ನಿಲ್ಲಿಸಿ. ಕಿಡ್ನಿ ನಾಯಿಗಳ ಪ್ಯಾಕೆಟ್ ಫುಡ್ ಬಹಳ ದುಬಾರಿ, ಅನ್ನ, ಮೊಟ್ಟೆ ಬಿಳಿ ಹೀಗೆ ಮನೇಲೇ ಏನು ಮಾಡಬಹುದು ಅಂತ ಡಾಕ್ಟ್ರ ಹತ್ರ ಬರೆಸ್ಕೊಳ್ಳಿ.

ಇಷ್ಟಾದ್ಮೇಲೆ ನಿಮ್ಮ ಕೈಲಿ ಒಂದು ಅಂಕಿ ಇರತ್ತೆ. ತಿಂಗಳಿಗೆ ಇಷ್ಟು ಅಂತ. ಹೆಚ್ಚು ಕಮ್ಮಿ ನೀವೀಗ ಹೆದರಿರೋದಕ್ಕಿಂತ ಅದು ಚಿಕ್ಕದಾಗಿರತ್ತೆ. ಅದರಲ್ಲಿ ನಿಮ್ಮಿಂದ ಎಷ್ಟಾಗತ್ತೆ ಅಂತ ಮೊದಲು ತೆಗೆದಿಡಿ, ಮಿಕ್ಕಿದ್ದಕ್ಕೆ ಮಾತ್ರ ಕೇಳಿ. ಹಳೇ ಕಾಯಿಲೆ ಅಂತಲೇ ಡಾಕ್ಟ್ರು ಹೇಳಿದ್ರೆ ಮಗಳ ಕೈಲಿ ವಾಟ್ಸಪ್ಪಿಗೆ ಹೀಗೆ ಬರೆಸಿ:

"ನಮ್ಮ ನಾಯಿ ಚಿಂಟುಗೆ 12 ವರ್ಷ, ಕಿಡ್ನಿ ಕಾಯಿಲೆ. ಪೂರ್ತಿ ವಾಸಿ ಆಗಲ್ಲ, ಆದ್ರೆ ಔಷಧಿ ಮತ್ತು ಡ್ರಿಪ್ ಕೊಟ್ರೆ ವಾಂತಿ ಇಲ್ಲದೆ ಆರಾಮಾಗಿರ್ತಾನೆ ಅಂತ ಡಾಕ್ಟ್ರು ಹೇಳಿದ್ದಾರೆ. ಇದುವರೆಗೂ 14,000 ನಾವೇ ಕಟ್ಟಿದ್ದೀವಿ. ಮುಂದಿನ ಎರಡು ತಿಂಗಳಿಗೆ ಇನ್ನೂ ಇಷ್ಟು ಬೇಕು. ಇವತ್ತಿನ ಡಾಕ್ಟ್ರ ಚೀಟಿ, ರಕ್ತದ ರಿಪೋರ್ಟು, ಬಿಲ್ಲು ಕೆಳಗಿವೆ. 50 ರೂಪಾಯಿ ಆದ್ರೂ ದೊಡ್ಡದೇ. ಪ್ರತಿ ಭಾನುವಾರ ಖರ್ಚಿನ ಲೆಕ್ಕ ಹಾಕ್ತೀವಿ. ಮೊತ್ತ ತುಂಬಿದ ತಕ್ಷಣ ಹೇಳ್ತೀವಿ, ಆಮೇಲೆ ಯಾರೂ ಕಳಿಸಬೇಡಿ."

ಆ ಕೊನೇ ಸಾಲು ಬಿಡಬೇಡಿ. ಸಾಕು ಅಂತ ಹೇಳೋರನ್ನ ಜನ ನಂಬ್ತಾರೆ. ವಾಸಿ ಆಗಲ್ಲ ಅನ್ನೋದನ್ನೂ ಮುಚ್ಚಿಡಬೇಡಿ, ಗುಣ ಆಗ್ತಾನೆ ಅಂತ ನಂಬಿ ಕೊಟ್ಟೋರಿಗೆ ಆಮೇಲೆ ಮೋಸ ಹೋದೆ ಅನ್ಸತ್ತೆ. ಫೋಟೋ ಹಾಕಿ, ಆದ್ರೆ ವಾಂತಿ, ಸೂಜಿ, ರಕ್ತದ ಫೋಟೋ ಬೇಡ, ಅವನು ಬಾಗಿಲಲ್ಲಿ ಕೂತಿರೋದು ಸಾಕು. ಮೊದಲು ದೊಡ್ಡ ಗ್ರೂಪಿಗೆ ಹಾಕಬೇಡಿ, ಅವನನ್ನ ನೋಡಿರೋರಿಗೆ ಕಳಿಸಿ: ಬೀದಿಯವರು, ಮಗಳ ಕ್ಲಾಸಿನವರು, ನಿಮ್ಮ ಹತ್ರ ಬ್ಲೌಸ್ ಹೊಲಿಸೋರು. ಅವರಲ್ಲಿ ಹತ್ತು ಜನ ಕೊಟ್ಟಿದ್ದಾರೆ ಅಂತಾದ್ರೆ ಗೊತ್ತಿಲ್ಲದವರೂ ಕೊಡ್ತಾರೆ. ದುಡ್ಡು ಕೊಡೋಕಾಗಲ್ಲ ಅನ್ನೋರ ಹತ್ರ ಕೆಲಸ ಕೇಳಿ, ಹಬ್ಬಕ್ಕೆ ಹೊಲಿಸೋ ಬ್ಲೌಸಿಗೆ ಈಗ್ಲೇ ಅಡ್ವಾನ್ಸ್ ಕೊಡ್ತೀರಾ, ಫಾಲ್ಸ್ ಪಿಕೊ ನಮಗೇ ಕೊಡ್ತೀರಾ ಅಂತ. ನಿಮ್ಮತ್ತೆಗೂ ಇದು ಸಮಾಧಾನ ತರತ್ತೆ.

ನಿಮ್ಮ ನಂಬರ್ ಗ್ರೂಪುಗಳಲ್ಲಿ ಓಡಾಡಿದ ಮೇಲೆ ಯಾರಾದ್ರೂ ಫೋನ್ ಮಾಡಿ ನಾವು 20 ಸಾವಿರ ಕೊಡ್ತೀವಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಅಂದ್ರೆ ಫೋನ್ ಇಟ್ಬಿಡಿ. ಯುಪಿಐನಲ್ಲಿ ದುಡ್ಡು ಬರೋದಕ್ಕೆ ಪಿನ್ ಬೇಕಾಗಲ್ಲ, ಹೋಗೋದಕ್ಕೆ ಮಾತ್ರ ಬೇಕು. ಮೊಬೈಲಲ್ಲಿ ಐದು ನಿಮಿಷಕ್ಕೆ ಸಾಲ ಕೊಡೋ ಆ್ಯಪುಗಳ ಕಡೆ ಅಂತೂ ತಲೆ ಹಾಕಬೇಡಿ, ನಿಮ್ಮ ಕಾಂಟಾಕ್ಟ್ ಲಿಸ್ಟಲ್ಲಿರೋರಿಗೆಲ್ಲ ಫೋನ್ ಮಾಡಿ ಮಾನ ಕಳೆಯೋ ಆ್ಯಪುಗಳು ಅದರಲ್ಲಿ ಬೇಕಾದಷ್ಟಿವೆ.

ಪ್ರಶ್ನೆ: ಮೇಡಂ, ನಾನು ಬೆಂಗಳೂರಲ್ಲಿ ಸಾಫ್ಟ್‌ವೇರ್ ಕಂಪನೀಲಿದ್ದೀನಿ. ನಮ್ಮ ಹತ್ತು ವರ್ಷದ ಲ್ಯಾಬ್ರಡಾರ್ ನಾಯಿಗೆ ಹೊಟ್ಟೇಲಿ ಗೆಡ್ಡೆ, ಆಪರೇಷನ್ನು, ಐಸಿಯು ಸೇರಿ ಒಂದೂವರೆ ಲಕ್ಷದ ಎಸ್ಟಿಮೇಟ್ ಕೊಟ್ಟಿದ್ದಾರೆ. ಕ್ರೌಡ್‌ಫಂಡಿಂಗ್ ಮಾಡೋಣ ಅಂತಿದ್ದೀನಿ. ನನ್ನ ಅಕೌಂಟಿಗೆ ದುಡ್ಡು ಬಂದ್ರೆ ಟ್ಯಾಕ್ಸ್ ಬೀಳತ್ತಾ? ಕೊಟ್ಟೋರಿಗೆ 80ಜಿ ತೆರಿಗೆ ವಿನಾಯಿತಿ ಸಿಗತ್ತಾ? ಅಮೆರಿಕದಲ್ಲಿರೋ ಫ್ರೆಂಡ್ಸ್ ಕೂಡ ಕಳಿಸ್ತೀವಿ ಅಂತಿದ್ದಾರೆ.

ಉತ್ತರ: ಟ್ಯಾಕ್ಸ್ ವಿಷ್ಯ ಮೊದಲೇ ಕೇಳಿದ್ದು ಒಳ್ಳೇದಾಯ್ತು, ಬಹಳ ಜನಕ್ಕೆ ಇದು ನೋಟಿಸ್ ಬಂದಾಗ್ಲೇ ಗೊತ್ತಾಗೋದು. ಸಂಬಂಧಿಕರಲ್ಲದವರು ಕೊಟ್ಟ ದುಡ್ಡು ಒಂದು ಆರ್ಥಿಕ ವರ್ಷದಲ್ಲಿ ಎಲ್ಲಾ ಸೇರಿ 50,000 ರೂಪಾಯಿ ದಾಟಿದ್ರೆ ಪೂರ್ತಿ ಮೊತ್ತ ನಿಮ್ಮ ಆದಾಯ ಅಂತ ಲೆಕ್ಕ, ದಾಟಿದ ಭಾಗ ಮಾತ್ರ ಅಲ್ಲ. ಅಪ್ಪ ಅಮ್ಮ, ಒಡಹುಟ್ಟಿದವರು ಹೀಗೆ ಕಾನೂನು ಹೇಳೋ ಹತ್ತಿರದ ಸಂಬಂಧಿಕರು ಕೊಟ್ಟಿದ್ದಕ್ಕೆ ಈ ಮಿತಿ ಇಲ್ಲ. ಅದಕ್ಕೇ ನನ್ನ ಸಲಹೆ, ದುಡ್ಡು ನಿಮ್ಮ ಅಕೌಂಟ್ ಮುಟ್ಟದೇ ಇರೋ ಹಾಗೆ ಮಾಡಿ. ನಿಮ್ಮ ನಾಯಿ ಹೆಸರಲ್ಲಿ ಅಡ್ವಾನ್ಸ್ ಕಟ್ಟಿಸ್ಕೋತೀರಾ ಅಂತ ಆಸ್ಪತ್ರೆ ಬಿಲ್ಲಿಂಗ್ ಕೌಂಟರಲ್ಲಿ ಕೇಳಿ, ಒಪ್ಪಿದ್ರೆ ಆಸ್ಪತ್ರೆಯ ಅಕೌಂಟ್ ವಿವರಾನೇ ಹಂಚಿ, ಕಳಿಸಿದವರು ನಾಯಿ ಹೆಸರು, ಕೇಸ್ ನಂಬರ್ ರಿಮಾರ್ಕ್ಸಲ್ಲಿ ಹಾಕ್ಲಿ. ಕೊಡೋರಿಗೂ ಧೈರ್ಯ, ನಿಮಗೂ ಲೆಕ್ಕ ಸುಲಭ. ಆದ್ರೂ ಮೊತ್ತ ದೊಡ್ಡದಿರೋದ್ರಿಂದ ಒಂದ್ಸಲ ನಿಮ್ಮ ಆಡಿಟರ್ ಕಿವಿಗೆ ಹಾಕಿ.

80ಜಿ ಸಿಗಲ್ಲ. ಅದು ನೋಂದಣಿ ಆದ, ಆ ಅನುಮತಿ ಇರೋ ಟ್ರಸ್ಟಿಗೆ ಕೊಟ್ರೆ ಮಾತ್ರ, ಅದೂ ಕೊಡೋರು ಹಳೇ ತೆರಿಗೆ ಪದ್ಧತೀಲಿ ಇರ್ಬೇಕು, 2,000ಕ್ಕಿಂತ ಜಾಸ್ತಿ ನಗದು ಕೊಟ್ರೆ ಅದಕ್ಕೂ ಇಲ್ಲ. ಒಬ್ಬ ವ್ಯಕ್ತಿಯ ಸಾಕು ನಾಯಿಗೆ ಕೊಟ್ಟಿದ್ದಕ್ಕೆ ವಿನಾಯಿತಿ ಇದೆ ಅಂತ ಯಾರಿಗೂ ಹೇಳಬೇಡಿ.

ಅಮೆರಿಕದ ಗೆಳೆಯರಲ್ಲಿ ಯಾರ ಹತ್ರ ಯಾವ ಪಾಸ್‌ಪೋರ್ಟ್ ಇದೆ ಅಂತ ನೋಡಿ. ಇಂಡಿಯನ್ ಪಾಸ್‌ಪೋರ್ಟ್ ಇಟ್ಕೊಂಡು ಅಲ್ಲಿ ಕೆಲಸ ಮಾಡೋರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ರೆ ಅದು ವಿದೇಶಿ ದೇಣಿಗೆ ಆಗಲ್ಲ. ಅಲ್ಲಿನ ಪೌರತ್ವ ತಗೊಂಡವರು, ಭಾರತೀಯ ಮೂಲದವರಿಗೆ ಕೊಡೋ ಓಸಿಐ ಕಾರ್ಡ್ ಇದ್ರೂ ಸರಿ, ಹುಟ್ಟಿದ್ದು ಬಸವನಗುಡಿ ಆದ್ರೂ ಸರಿ, ವಿದೇಶಿ ದೇಣಿಗೆ ಬಗ್ಗೆ ಇರೋ ಎಫ್‌ಸಿಆರ್‌ಎ ಕಾನೂನಿನ ಕಣ್ಣಲ್ಲಿ ವಿದೇಶಿಯರೇ. ಅವರ ದುಡ್ಡು ಆಡಿಟರ್ ಸರಿ ಅನ್ನೋವರೆಗೂ ಬೇಡ.

ಮಿಲಾಪ್, ಕೆಟ್ಟೋ ತರದ ಕ್ರೌಡ್‌ಫಂಡಿಂಗ್ ವೆಬ್‌ಸೈಟುಗಳಲ್ಲಿ ಪ್ರಾಣಿಗಳ ಚಿಕಿತ್ಸೆಗೂ ಪೇಜ್ ತೆರೆಯೋಕೆ ಬಿಡ್ತಾರೆ, ಎಸ್ಟಿಮೇಟು, ಗುರುತಿನ ಚೀಟಿ, ಬ್ಯಾಂಕ್ ವಿವರ ಕೇಳ್ತಾರೆ. ಶುರು ಮಾಡೋಕೆ ಮುಂಚೆ ಎಷ್ಟು ಹಿಡ್ಕೋತಾರೆ, ದುಡ್ಡು ಯಾವಾಗ ಕೈಗೆ ಬರತ್ತೆ, ಆಸ್ಪತ್ರೆಗೆ ನೇರ ಕಳಿಸ್ತಾರಾ ಅನ್ನೋದನ್ನ ಓದ್ಕೊಳ್ಳಿ. ಕೊಡೋರಿಗೂ ಒಂದು ಮಾತು ಹೇಳಿಬಿಡಿ, ದುಡ್ಡು ಕಟ್ಟೋ ಜಾಗದಲ್ಲಿ ಟಿಪ್ ಅಂತ ಮೊದಲೇ ಸೇರಿಸಿಟ್ಟಿರ್ತಾರೆ, ಬೇಡ ಅಂದ್ರೆ ತೆಗೀಬಹುದು. ಇನ್ನು ಇದು ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ: ಹೊಟ್ಟೆ ಗೆಡ್ಡೆ ಆಪರೇಷನ್ನಿಗೆ ಮುಂಚೆ ಎದೆ ಎಕ್ಸ್‌ರೇ ಮತ್ತು ಸ್ಕ್ಯಾನಿಂಗ್ ಮಾಡಿಸಿ ಬೇರೆ ಕಡೆ ಹಬ್ಬಿದ್ಯಾ ಅಂತ ನೋಡಿದ್ದಾರಾ? ಇಲ್ಲಾಂದ್ರೆ ಅದಕ್ಕೆ ಮೊದಲು ಖರ್ಚು ಮಾಡಿ. ಒಂದೂವರೆ ಲಕ್ಷ ಬೇಕಾ ಬೇಡವಾ ಅನ್ನೋದನ್ನೇ ಅದು ತೀರ್ಮಾನ ಮಾಡತ್ತೆ. ಹೆಬ್ಬಾಳದ ಕಾಲೇಜು ಆಸ್ಪತ್ರೇಲಿ ಎರಡನೇ ಅಭಿಪ್ರಾಯಾನೂ ತಗೊಳ್ಳಿ.

ಪ್ರಶ್ನೆ: ನಮ್ಮ ನಾಯಿಗೆ ಒಂಬತ್ತು ತುಂಬಿದೆ. ಈಗ ಇನ್ಶೂರೆನ್ಸ್ ಮಾಡಿಸಿದ್ರೆ ಉಪಯೋಗ ಇದ್ಯಾ? (ಮೈಸೂರು)

ಉತ್ತರ: ಈ ವಯಸ್ಸಲ್ಲಿ ಹೊಸ ಪಾಲಿಸಿ ಸಿಗೋದು ಕಷ್ಟ, ಸಿಕ್ಕಿದ್ರೂ ಈಗಾಗ್ಲೇ ಇರೋ ಕಾಯಿಲೆಗೆ ಕೊಡಲ್ಲ. ಮರಿ ಇದ್ದಾಗ ಮಾಡಿಸ್ಬೇಕಾದ್ದು ಅದು. ಈಗ ಆ ಪ್ರೀಮಿಯಂ ದುಡ್ಡನ್ನ ಪೋಸ್ಟ್ ಆಫೀಸಿಗೋ ಬ್ಯಾಂಕಿಗೋ ನಾಯಿ ಹೆಸರು ಹೇಳ್ಕೊಂಡು ತಿಂಗಳು ತಿಂಗಳು ಹಾಕ್ತಾ ಹೋಗಿ, ಪೋಸ್ಟ್ ಆಫೀಸ್ ಆರ್‌ಡಿ 100 ರೂಪಾಯಿಂದಾನೂ ಶುರು ಮಾಡಬಹುದು, ಆದ್ರೆ ಅದು ಐದು ವರ್ಷದ್ದು, ಹಾಗಾಗಿ ತಕ್ಷಣಕ್ಕೆ ತೆಗೆಯೋ ಹಾಗಿರೋ ಉಳಿತಾಯ ಖಾತೇಲೂ ಸ್ವಲ್ಪ ಇರ್ಲಿ. ಆರು ತಿಂಗಳಿಗೊಂದ್ಸಲ ರಕ್ತ, ಉಚ್ಚೆ, ಹಲ್ಲು ನೋಡಿಸಿ. ಸಂತಾನಹರಣ ಆಗದ ಹೆಣ್ಣು ನಾಯಿ ಆಗಿದ್ರೆ, ಬೆದೆ ಮುಗಿದು ಕೆಲವು ವಾರದಲ್ಲಿ ಮಂಕಾಗಿ, ನೀರು ಜಾಸ್ತಿ ಕುಡಿಯೋದು, ಹಿಂದಿನಿಂದ ಕೀವು ಬರೋದು ಕಂಡ್ರೆ ಅದು ಗರ್ಭಕೋಶದ ಕೀವು ಇರಬಹುದು, ಅವತ್ತೇ ಆಸ್ಪತ್ರೆಗೆ ಓಡಿ. ಕೀವು ಹೊರಗೆ ಬರದೆ ಒಳಗೇ ತುಂಬಿದ್ರೆ ಇನ್ನೂ ಅಪಾಯ. ಮುದಿ ಹೆಣ್ಣು ನಾಯಿಗಳ ಮನೆಯವರು ಇದರಿಂದ ದಿಢೀರಂತ ದೊಡ್ಡ ಬಿಲ್ಲಿಗೆ ಸಿಕ್ಕಿಬೀಳೋದುಂಟು. ಆರೋಗ್ಯವಾಗಿರುವಾಗ್ಲೇ ಆಪರೇಷನ್ ಮಾಡಿಸಬಹುದಾ ಅಂತ ಈಗ್ಲೇ ಡಾಕ್ಟ್ರನ್ನ ಕೇಳಿ.

ಪ್ರಶ್ನೆ: ನಮ್ಮ ಓಣಿ ವಾಟ್ಸಪ್ ಗ್ರೂಪಿನ್ಯಾಗ ಒಂದು ಮುದಿ ನಾಯಿ ಫೋಟೋ ಹಾಕಿ ರೊಕ್ಕ ಕೇಳಾಕತ್ತಾರ್ರೀ. ನೋಡಿದ್ರ ಕಳ್ಳ ಚುರ್ ಅಂತದ. ಆದ್ರ ಖರೇನೋ ಸುಳ್ಳೋ ಹೆಂಗ ತಿಳ್ಕೊಳ್ಳೂದು? (ಧಾರವಾಡ)

ಉತ್ತರ: ಕರುಳು ಚುರ್ ಅನ್ನೋರು ಇರೋದ್ರಿಂದಾನೇ ಎಷ್ಟೋ ನಾಯಿಗಳು ಉಳಿದಿವೆ, ಆ ಮನಸ್ಸು ಹಾಗೇ ಇರ್ಲಿ. ಮೆಸೇಜಲ್ಲಿ ಆಸ್ಪತ್ರೆ ಹೆಸರು ಇದ್ಯಾ, ಚೀಟಿ ಮೇಲೆ ತಾರೀಕು ಇದ್ಯಾ ನೋಡಿ. ಇದ್ರೆ ಮೆಸೇಜಲ್ಲಿ ಕೊಟ್ಟ ನಂಬರಿಗೆ ಬೇಡ, ಆಸ್ಪತ್ರೆ ನಂಬರ್ ನೀವೇ ಹುಡುಕಿ ಫೋನ್ ಮಾಡಿ, ಈ ನಾಯಿ ನಿಮ್ಮಲ್ಲಿದ್ಯಾ, ಬಿಲ್ ಬಾಕಿ ಇದ್ಯಾ, ನಾನೇ ಕಟ್ಟಬಹುದಾ ಅಂತ ಕೇಳಿ. ನಿಜ ಇದ್ರೆ ಎರಡು ನಿಮಿಷದಲ್ಲಿ ಗೊತ್ತಾಗತ್ತೆ. ಫೋಟೋನ ಗೂಗಲ್ ಲೆನ್ಸಲ್ಲಿ ಹಾಕಿದ್ರೆ ಮೂರು ವರ್ಷದ ಹಿಂದೆ ಬೇರೆ ಊರಲ್ಲಿ ಬೇರೆ ಹೆಸರಲ್ಲಿ ಓಡಾಡಿದ ಫೋಟೋ ಆಗಿದ್ರೆ ಸಿಕ್ಕಿಬೀಳತ್ತೆ. ಸ್ಕ್ಯಾನ್ ಮಾಡಿದಾಗ ಬರೋ ಹೆಸರು ಕೇಳಿದವರ ಹೆಸರೇನಾ ಅಂತಾನೂ ನೋಡಿ, ಯಾಕಂದ್ರೆ ನಿಜವಾದ ಮೆಸೇಜ್ ತಗೊಂಡು ಕ್ಯೂಆರ್ ಮಾತ್ರ ತಮ್ಮದು ಅಂಟಿಸಿ ಫಾರ್ವರ್ಡ್ ಮಾಡೋರಿದ್ದಾರೆ. ಇವತ್ತು ರಾತ್ರಿಯೊಳಗೆ ಕಳಿಸದಿದ್ರೆ ಸತ್ತೋಗತ್ತೆ ಅಂತ ಅವಸರ ಮಾಡಿ, ಬಿಲ್ ಕೇಳಿದ್ರೆ ಸಿಟ್ಟಾಗೋರಿಗೆ ಕೊಡಬೇಡಿ. ನಿಜವಾಗ್ಲೂ ಕಷ್ಟದಲ್ಲಿರೋರು ಬಿಲ್ ತೋರಿಸೋಕೆ ಹಿಂಜರಿಯಲ್ಲ.

ಪ್ರಶ್ನೆ: ನಮಸ್ಕಾರ. ಮಂಗಳೂರಿನಿಂದ ಬರೀತಿದ್ದೇನೆ. ನಮ್ಮ 11 ವರ್ಷದ ರಾಟ್‌ವೈಲರ್‌ಗೆ ಮುಂಗಾಲಿನ ಮೂಳೆ ಕ್ಯಾನ್ಸರ್. ಸ್ನೇಹಿತರು, ಗೊತ್ತಿಲ್ಲದವರು ಸೇರಿ 62,000 ಕೊಟ್ಟರು, 38,000 ಖರ್ಚಾಗಿದೆ. ಈಗ ಶ್ವಾಸಕೋಶಕ್ಕೂ ಹಬ್ಬಿದೆ, ಇನ್ನು ಮುಂದುವರಿಸಿದರೆ ಅವನಿಗೆ ಹಿಂಸೆ, ಇಂಜೆಕ್ಷನ್ ಕೊಟ್ಟು ಮಲಗಿಸುವುದು ಒಳ್ಳೆಯದು ಅಂತ ಡಾಕ್ಟ್ರು ಹೇಳ್ತಾರೆ. ಗ್ರೂಪಿನಲ್ಲಿ ಒಬ್ಬರು "ಉಳಿಸಲಿಕ್ಕೆ ದುಡ್ಡು ಕೊಟ್ಟದ್ದು, ಕೊಲ್ಲಲಿಕ್ಕಲ್ಲ" ಅಂತ ಬರೆದರು. ಎರಡು ರಾತ್ರಿ ನಿದ್ದೆ ಇಲ್ಲ. ಉಳಿದ 24,000 ಏನು ಮಾಡುವುದು?

ಉತ್ತರ: ಆ ಮಾತು ಬರೆದವರು ನಿಮ್ಮ ನಾಯಿಯ ಪಕ್ಕ ಒಂದು ರಾತ್ರಿ ಕೂತಿಲ್ಲ. ದುಡ್ಡು ಕೊಟ್ಟವರು ಚಿಕಿತ್ಸೆಗೆ ಸಹಾಯ ಮಾಡಿದ್ದಾರೆ, ಅವನ ಬಗ್ಗೆ ತೀರ್ಮಾನ ತಗೊಳ್ಳೋ ಹಕ್ಕು ಅದರ ಜೊತೆ ಅವರಿಗೆ ಹೋಗಲ್ಲ. ಅದು ನಿಮ್ಮದು, ನಿಮ್ಮ ಡಾಕ್ಟ್ರದ್ದು. ಮೂಳೆ ಕ್ಯಾನ್ಸರ್ ನಾಯಿಗಳಿಗೆ ಬರೋ ಅತಿ ನೋವಿನ ಕಾಯಿಲೆಗಳಲ್ಲೊಂದು, ಮೂಳೆ ಒಳಗಿಂದ ಟೊಳ್ಳಾಗ್ತಾ ಬರತ್ತೆ, ಸುಮ್ಮನೆ ಎದ್ದು ನಿಲ್ಲುವಾಗ ಮುರಿದುಹೋಗೋದೂ ಉಂಟು. ಶ್ವಾಸಕೋಶಕ್ಕೆ ಹಬ್ಬಿದ ಮೇಲೆ ಕಾಲು ತೆಗೆದ್ರೂ ಕಾಯಿಲೆ ನಿಲ್ಲಲ್ಲ. ನಿಮ್ಮ ಡಾಕ್ಟ್ರು ನೇರವಾಗಿ ಹೇಳಿದ್ದಾರೆ, ಅದಕ್ಕೆ ಅವರ ಮೇಲೆ ನನಗೆ ಗೌರವ ಬಂತು.

ಇನ್ನೂ ಮನಸ್ಸು ಒಪ್ಪದಿದ್ರೆ ಕ್ಯಾಲೆಂಡರಲ್ಲಿ ಗುರುತು ಹಾಕಿ. ಅವತ್ತು ತಾನಾಗೇ ತಿಂದನಾ, ಎದ್ದು ಹೋಗಿ ಉಚ್ಚೆ ಮಾಡಿದನಾ, ನೀವು ಬಂದಾಗ ತಲೆ ಎತ್ತಿದನಾ, ರಾತ್ರಿ ನರಳದೆ ಮಲಗಿದನಾ. ಕೆಟ್ಟ ದಿನಗಳು ಒಳ್ಳೇ ದಿನಗಳಿಗಿಂತ ಜಾಸ್ತಿ ಆದಾಗ ಮುಂದೂಡಬೇಡಿ. ಅಲ್ಲಿವರೆಗೂ ನೋವಿನ ಔಷಧಿ ಮಾತ್ರ ಒಂದು ಹೊತ್ತೂ ತಪ್ಪಬಾರದು, ಉಳಿದಿರೋ ದುಡ್ಡಲ್ಲಿ ಮೊದಲ ಖರ್ಚು ಅದೇ. ಕೊನೇ ದಿನದ ಬಗ್ಗೆ ಹೆದರಿಕೆ ಇರತ್ತೆ, ಅದಕ್ಕೆ ಹೇಳ್ತೀನಿ: ಸಾಮಾನ್ಯವಾಗಿ ಮೊದಲು ಮಂಪರು ಬರೋ ಇಂಜೆಕ್ಷನ್ ಕೊಡ್ತಾರೆ, ನಿದ್ದೆ ಬಂದ ಮೇಲೆ ರಕ್ತನಾಳಕ್ಕೆ ಅರಿವಳಿಕೆ ಔಷಧಿ ಜಾಸ್ತಿ ಪ್ರಮಾಣದಲ್ಲಿ ಕೊಡ್ತಾರೆ, ಕೆಲವೇ ನಿಮಿಷದಲ್ಲಿ ಉಸಿರು, ಹೃದಯ ನಿಲ್ಲತ್ತೆ. ಕಣ್ಣು ತೆರೆದೇ ಇರತ್ತೆ, ಒಂದೆರಡು ಸಲ ಮೈ ಅದುರಬಹುದು, ಅದು ನೋವಲ್ಲ. ನೀವು ತಲೆ ತೊಡೆ ಮೇಲಿಟ್ಕೊಂಡು ಕೂತಿರಬಹುದು, ಮನೆಗೇ ಬರ್ತೀರಾ, ಎಷ್ಟಾಗತ್ತೆ ಅಂತ ಡಾಕ್ಟ್ರನ್ನ ಈಗ್ಲೇ ಕೇಳಿಟ್ಕೊಳ್ಳಿ. ತೋಟದಲ್ಲಿ ಮಣ್ಣು ಮಾಡೋದಾದ್ರೆ ಗುಂಡಿ ಚೆನ್ನಾಗಿ ಆಳ ಇರ್ಲಿ, ಆ ಔಷಧಿ ದೇಹದಲ್ಲಿ ಉಳಿದಿರತ್ತೆ, ಬೇರೆ ಪ್ರಾಣಿ ಕೆದಕಿ ತಿಂದ್ರೆ ಅದಕ್ಕೂ ವಿಷ. ಬಾವಿ ಹತ್ರ ಬೇಡ.

ದುಡ್ಡಿನ ಮಾತು. ಈ ಔಷಧಿ, ಡಾಕ್ಟ್ರ ಫೀಸು, ಮಣ್ಣು ಮಾಡೋ ಖರ್ಚು ಎಲ್ಲಾ ಚಿಕಿತ್ಸೆಯ ಭಾಗಾನೇ, ಅದಕ್ಕೆ ಈ ದುಡ್ಡು ಬಳಸೋದ್ರಲ್ಲಿ ತಪ್ಪಿಲ್ಲ. ಗ್ರೂಪಿಗೆ ವಾದ ಮಾಡೋಕೆ ಹೋಗಬೇಡಿ, ಡಾಕ್ಟ್ರು ಬರೆದಿದ್ದರ ಫೋಟೋ, ಇದುವರೆಗಿನ ಲೆಕ್ಕ ಹಾಕಿ, ಇಂಥ ಕಾರಣಕ್ಕೆ ಹೀಗೆ ತೀರ್ಮಾನ ಮಾಡಿದ್ದೀವಿ ಅಂತ ನಾಲ್ಕು ಸಾಲು ಬರೆದು ಸುಮ್ಮನಾಗಿ. ಎಲ್ಲಾ ಮುಗಿದ ಮೇಲೆ ಉಳಿದಿದ್ದು ಎಷ್ಟು ಅಂತ ಹೇಳಿ, ವಾಪಸ್ ಬೇಕು ಅನ್ನೋರಿಗೆ ಅವರವರ ಪಾಲು ಕಳಿಸ್ತೀವಿ, ಬೇಡ ಅನ್ನೋರದ್ದು ಅದೇ ಆಸ್ಪತ್ರೇಲಿ ಬಿಲ್ ಕಟ್ಟೋಕಾಗದೆ ಇರೋ ಇನ್ನೊಂದು ವಯಸ್ಸಾದ ನಾಯಿಗೆ ಕಟ್ತೀವಿ ಅಂತ ಹತ್ತು ದಿನ ಟೈಮ್ ಕೊಡಿ. ಹಾಗೆ ಕಟ್ಟಿದ ರಸೀದಿಯ ಫೋಟೋ ಹಾಕಿ ಆ ಗ್ರೂಪ್ ಮುಚ್ಚಿ. ದುಡ್ಡು ಕೊಟ್ಟು ಪ್ರೀತಿಯಿಂದ ಮಾತಾಡಿಸಿದವರಿಗೆ, ಬೈದವರಿಗೆ ಎಲ್ಲರಿಗೂ ಒಂದೇ ಲೆಕ್ಕ ಹೋಗ್ಲಿ, ಆ "ಕೊಲ್ಲಲಿಕ್ಕಲ್ಲ" ಅಂತ ಬರೆದವರ ಪಾಲನ್ನ ಮಾತ್ರ ಅವರು ಕೇಳೋಕೆ ಮುಂಚೆ ನೀವೇ ವಾಪಸ್ ಕಳಿಸಿಬಿಡಿ.